ನಿಜಲಿಂಗಪ್ಪನವರ ಮನೆಗೆ ಬೆಲೆ ಕಟ್ಟೋದು ಹೇಗೆ?

2024ರಲ್ಲಿ ಚಿತ್ರದುರ್ಗದ ಒಂದು ಹಳೇ ಮನೆ ಮಾರಾಟಕ್ಕಿದೆ ಅಂತ ಜಾಹೀರಾತು ಬಂತು. ಕೇಳಿದ ಬೆಲೆ 10 ಕೋಟಿ ರೂಪಾಯಿ. ಅದು ಎಸ್. ನಿಜಲಿಂಗಪ್ಪನವರ ಮನೆ. ಅದನ್ನು ಸ್ಮಾರಕ ಮಾಡ್ತೀವಿ ಅಂತ ಸರ್ಕಾರ ಅದಕ್ಕೂ ಮೊದಲೇ ಹೇಳಿತ್ತು, ಹಣವನ್ನೂ ತೆಗೆದಿರಿಸಿತ್ತು. ಆದರೂ ವಿಷಯ ಜಾಹೀರಾತಿನವರೆಗೆ ಬಂದದ್ದೇಕೆ?

ಹರಪನಹಳ್ಳಿ ಕಡೆಯವರಿಗೆ ಇದು ದೂರದ ಸುದ್ದಿಯಲ್ಲ. ನಿಜಲಿಂಗಪ್ಪ ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಇದೇ ತಾಲ್ಲೂಕಿನ ಹಲುವಾಗಲಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1997ರಲ್ಲಿ ತಾಲ್ಲೂಕು ದಾವಣಗೆರೆಗೆ ಹೋಯ್ತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅವರು ಮಾತ್ರ ಪುಣೆಯಲ್ಲಿ ಕಾನೂನು ಓದಿ ಚಿತ್ರದುರ್ಗದಲ್ಲಿ ವಕೀಲಿ ಹಿಡಿದವರು, ಅದೇ ಊರಿನವರಾಗಿಬಿಟ್ಟರು. 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ. 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ, ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಉಚ್ಚಾಟಿಸಿದವರು. ಪಕ್ಷ ಒಡೆಯಿತು, ಅಧಿಕಾರ ಆಚೆ ಹೋಯ್ತು. 2000ದ ಆಗಸ್ಟ್ 8ರಂದು ತೀರಿಕೊಂಡದ್ದೂ ಚಿತ್ರದುರ್ಗದಲ್ಲೇ.

ಮನೆಯ ವಿಷಯಕ್ಕೆ ಬರೋಣ. ಮೊದಲ ತೊಡಕು ಕಾನೂನಿನದು. ರಾಜ್ಯದ 1961ರ ಸ್ಮಾರಕ ಕಾಯ್ದೆಯಡಿ ಪ್ರಾಚೀನ ಸ್ಮಾರಕ ಅನ್ನಿಸಿಕೊಳ್ಳಲು ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ಕಳೆದ ಶತಮಾನದ ರಾಜಕಾರಣಿಗಳ ಮನೆಗಳು ಬಹುಪಾಲು ಈ ಗೆರೆಯ ಈಚೆಗಿವೆ. ಹಾಗಾಗಿ ಉಳಿಸಬೇಕಂದ್ರೆ ಸರ್ಕಾರ ಕೊಳ್ಳಬೇಕು.

ಕೊಳ್ಳೋದೂ ಸುಲಭವಲ್ಲ. ಇಲಾಖೆಯ ಎಂಜಿನಿಯರ್ ನಿವೇಶನಕ್ಕೆ ಮಾರ್ಗಸೂಚಿ ದರ ಹಾಕ್ತಾರೆ, ಕಟ್ಟಡ ಹಳೆಯದಾದಷ್ಟೂ ಸವಕಳಿ ಅಂತ ಬೆಲೆ ಕಳೀತಾರೆ. ಇತಿಹಾಸದ ಕಣ್ಣಿಗೆ ವಯಸ್ಸಾದಷ್ಟೂ ಬೆಲೆ ಏರಬೇಕು, ಕಡತದಲ್ಲಿ ಅದು ಇಳಿಯುತ್ತೆ! ಯಾರು ಆ ಜಗುಲಿ ಮೇಲೆ ಕೂತಿದ್ದರು ಅನ್ನೋದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ. ಕುಟುಂಬದವರು ನೋಡೋದು ಪಕ್ಕದ ಸೈಟು ಯಾವ ದರಕ್ಕೆ ಹೋಯ್ತು ಅಂತ. ಅವರನ್ನು ದುರಾಸೆಯವರು ಅನ್ನೋದು ನನಗೆ ಸರಿ ಕಾಣಲ್ಲ. ಅಜ್ಜ ದೊಡ್ಡ ಮನುಷ್ಯರಾಗಿದ್ದರು ಅನ್ನೋ ಕಾರಣಕ್ಕೆ ಮೊಮ್ಮಕ್ಕಳು ಕಡಿಮೆ ಬೆಲೆಗೆ ಮಾರಬೇಕೇ?

ಇನ್ನು ಹಕ್ಕಿನ ಪ್ರಶ್ನೆ. ಉಯಿಲಿನಲ್ಲಿ ಒಂದು ತಲೆಮಾರಿಗೆ ಅನುಭವದ ಹಕ್ಕು, ಮುಂದಿನದಕ್ಕೆ ಒಡೆತನ ಅಂತ ಬರೆದಿದ್ದರೆ, ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನಿಲ್ಲೋ ಸಾಧ್ಯತೆ ಇದೆ. ಅಷ್ಟರಲ್ಲಿ ಆರ್ಥಿಕ ವರ್ಷ ಮುಗಿದು ಅನುದಾನ ಎತ್ತಲೋ ಹೋಗಿರುತ್ತೆ. ಬೀಗ ಬಿದ್ದ ಮನೆಯ ಹೆಂಚು, ತೊಲೆ ಮಾತ್ರ ಮಾರ್ಚ್ 31ಕ್ಕೆ ಕಾಯೋದಿಲ್ಲ.

ಹೆದ್ದಾರಿ ಪಕ್ಕ ಸೀಬಾರದಲ್ಲಿ ಅವರ ಸಮಾಧಿ, ಸ್ಮಾರಕ ಈಗಾಗಲೇ ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ. ಆದರೆ ಮುಖ್ಯಮಂತ್ರಿಯಾಗಿದ್ದವರ ಅಡುಗೆಮನೆ ಎಷ್ಟು ದೊಡ್ಡದಿತ್ತು ಅನ್ನೋದು ಅಲ್ಲಿ ಕಾಣಲ್ಲ. ಇವತ್ತಿನ ಶಾಸಕರ ಬಂಗಲೆ ನೋಡಿದ ಹುಡುಗರಿಗೆ ತೋರಿಸಬೇಕಾದ್ದು ಅದೇ.

ಕೂಡ್ಲಿಗಿಯಲ್ಲಿ ಗಾಂಧೀಜಿ ಚಿತಾಭಸ್ಮದ ಸ್ಮಾರಕವಿದೆ. ಭಸ್ಮಕ್ಕೆ ಖಾತೆ, ಪಹಣಿ, ವಾರಸುದಾರರ ಸಹಿ ಬೇಕಿರಲಿಲ್ಲ. ಮನೆಗೆ ಬೇಕು. ಹಾಗಾಗಿ ಮಾತುಕತೆ ಶುರುವಾಗಬೇಕಾದ್ದು ಯಜಮಾನರು ಬದುಕಿರುವಾಗಲೇ. ಮೊದಲು ಕೊಳ್ಳುವ ಅವಕಾಶ ಸರ್ಕಾರಕ್ಕೆ ಅಂತ ಒಂದು ಒಪ್ಪಂದ, ಕಾಗದಪತ್ರ, ಕುರ್ಚಿ, ಕನ್ನಡಕಗಳ ಒಂದು ಪಟ್ಟಿ. ಇಷ್ಟಕ್ಕೆ ಕೋಟಿಗಳು ಬೇಕಾಗಲ್ಲ, ಒಬ್ಬ ಅಧಿಕಾರಿಯ ಒಂದು ವಾರ ಸಾಕು.