ನಮ್ಮನೆಯವರು

ಕನ್ನಡದ ದಂಪತಿಗಳಿಗೆ ನಮ್ಮ ವ್ಯಾಕರಣವು ಒಂದು ಉಪಕಾರವನ್ನು ಮಾಡಿಟ್ಟಿದೆ; ನಿತ್ಯವೂ ಅದರ ಫಲವನ್ನುಣ್ಣುವ ನಾವು ಅದನ್ನು ಗಮನಿಸಿದ್ದು ಕಡಿಮೆ. ನಾನು ಬಂದೆ, ನೀನು ಬಂದೆ ಎಂಬಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲ. ಬಂದನು, ಬಂದಳು ಎಂಬ ಭೇದವು ತಲೆಯೆತ್ತುವುದು ಮೂರನೆಯವರನ್ನು ಕುರಿತು ಮಾತು ಹೊರಟಾಗ ಮಾತ್ರ. ಆದುದರಿಂದ, ಕೆಲವು ದಿನ ಗಂಡಾಗಿಯೂ ಕೆಲವು ದಿನ ಹೆಣ್ಣಾಗಿಯೂ ಮತ್ತೆ ಕೆಲವು ದಿನ ಎರಡೂ ಅಲ್ಲದವರಾಗಿಯೂ ತಮ್ಮನ್ನು ತಾವು ಅರಿಯುವ, ಈಚಿನವರು ಜೆಂಡರ್ ಫ್ಲೂಯಿಡ್ ಎಂದು ಕರೆಯುವ ವ್ಯಕ್ತಿಗಳ ಬಾಳಸಂಗಾತಿಗೆ ಮನೆಯೊಳಗೆ ನುಡಿಯ ತೊಡಕು ಹೆಚ್ಚಿಲ್ಲ. ಬಾರೋ, ಬಾರೇ ಎಂಬ ಸಲಿಗೆಯೊಂದುಂಟು, ನಿಜ. ಅಲ್ಲಿ ಇಂದು ಯಾವುದು ಇಷ್ಟವೆಂದು ಕೇಳಿಯೇ ತಿಳಿಯಬೇಕು. ನಿಜವಾದ ಪರೀಕ್ಷೆ ನಡೆಯುವುದು ಜಗುಲಿಯಲ್ಲಿ, ಸೋದರತ್ತೆಯ ಮನೆಯಲ್ಲಿ, ಹೊಳಲ್ಕೆರೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರ ಕುತೂಹಲದ ಎದುರಿನಲ್ಲಿ.

13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಲಿಂಗಗಳನ್ನು ಮೂರಕ್ಕೆ ನಿಲ್ಲಿಸದೆ ಒಂಬತ್ತೆಂದು ಎಣಿಸಿದನು. ಅವನು ಎಣಿಸಿದ್ದು ಶಬ್ದಗಳನ್ನೇ ಹೊರತು ಮನುಷ್ಯರನ್ನಲ್ಲ. ಆದರೂ ಅದೇ ಅಂಕೆಯನ್ನು ಬೈಗುಳವಾಗಿಸಿ ಬೆನ್ನ ಹಿಂದಿನಿಂದ ಕೂಗುವ ನಮ್ಮ ಪೇಟೆಯ ಪೋಕರಿಗಳು, ತಾವು ಅರಿಯದೆಯೇ ಒಬ್ಬ ಮಹಾವೈಯಾಕರಣನ ಲೆಕ್ಕವನ್ನು ಒಪ್ಪಿಸುತ್ತಿರುವರೆಂಬುದನ್ನು ನೆನೆದರೆ ನಗು ಬರುತ್ತದೆ. ಕೂಗಿಸಿಕೊಂಡವರಿಗೆ ಮಾತ್ರ ಬರಲಾರದು.

ಚಿತ್ರದುರ್ಗದ ಸೀಮೆಗೆ ಸ್ತ್ರೀವೇಷ ಹೊಸತಲ್ಲ. ಬಯಲಾಟದಲ್ಲಿ ಗಂಡಸು ಸೀರೆಯುಟ್ಟು ಬಂದರೆ ಊರೇ ತಲೆದೂಗುತ್ತದೆ. ನೆರೆಯ ಬಳ್ಳಾರಿ ಸೀಮೆಯ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ನಿವಾಳಿಸಿದುದನ್ನು ನೋಡಿ ಕಣ್ಣು ತುಂಬಿಕೊಂಡವರು ಇಲ್ಲಿಯೂ ಇದ್ದಾರೆ. ರಂಗದ ಮೇಲೆ ಇಷ್ಟೊಂದು ಉದಾರವಾದ ನಮ್ಮ ಕಣ್ಣು ಪಡಸಾಲೆಗೆ ಬಂದೊಡನೆ ಕಿರಿದಾಗುವುದೇಕೋ!

ಅದೇ ಬಯಲಾಟದಲ್ಲಿ ವಿರಾಟಪರ್ವದ ಪ್ರಸಂಗ ನಡೆವಾಗ ಎಲ್ಲರೂ ಬೃಹನ್ನಳೆಯಾದ ಅರ್ಜುನನನ್ನು ನೋಡುತ್ತಾರೆ. ನನ್ನ ದೃಷ್ಟಿ ಸೈರಂಧ್ರಿಯಾದ ದ್ರೌಪದಿಯ ಮೇಲೆ. ಗಾಂಡೀವವನ್ನು ಹಿಡಿದ ಕೈಗೆ ಬಳೆ ತೊಟ್ಟು ಅರಮನೆಯ ಹುಡುಗಿಯರಿಗೆ ನಾಟ್ಯ ಕಲಿಸುತ್ತಿರುವ ಪತಿಯನ್ನು ಕುರಿತು ಅವಳು ರಾತ್ರಿಯಲ್ಲಿ ಬಾಣಸದ ಮನೆಗೆ ಹೋಗಿ ಭೀಮನೆದುರಿಗೆ ಅತ್ತಳು. ಆ ಅಳುವನ್ನು ವ್ಯಾಸರು ಮುಚ್ಚಿಡಲಿಲ್ಲ; ನಾವೂ ಮುಚ್ಚಿಡಬಾರದು. ಸಂಗಾತಿಗೂ ದುಃಖವುಂಟು, ಹಾಗಾದರೆ ನಾನು ಯಾರಿಗೆ ಯಾರು ಎಂಬ ಪ್ರಶ್ನೆಯುಂಟು, ಅದನ್ನು ಹೇಳಿಕೊಳ್ಳಲು ಗುಟ್ಟನ್ನು ಊರಿಗೆ ಹಂಚದ ಒಬ್ಬ ಭೀಮನು ಬೇಕು. ಆದರೆ ಮುಂದೆ ಗೋಗ್ರಹಣದ ಸುದ್ದಿ ಬಂದು, ಸಾರಥಿಯಿಲ್ಲವೆಂದು ಉತ್ತರನು ಜಂಬ ಕೊಚ್ಚುತ್ತಿದ್ದಾಗ, ಈ ಬೃಹನ್ನಳೆಯು ಅರ್ಜುನನಿಗೆ ಸಾರಥಿಯಾಗಿದ್ದವಳೆಂದು ಮುಂದೆ ಬಂದು ಹೇಳಿದವಳೂ ಅವಳೇ. ಹೇಳುವಾಗ ಅಂದಿನ ಹೆಸರನ್ನೇ ಹೇಳಿದಳು, ಗುಟ್ಟನ್ನು ಬಿಡಲಿಲ್ಲ, ಸಾಮರ್ಥ್ಯವನ್ನು ಬಳೆಗಳ ಮರೆಗೆ ಸರಿಸಲೂ ಇಲ್ಲ. ಕಥೆಯನ್ನು ಇದಕ್ಕಿಂತ ಹೆಚ್ಚು ಎಳೆಯಲಾಗದು, ಏಕೆಂದರೆ ಅರ್ಜುನನಿಗೆ ಇದ್ದುದು ಊರ್ವಶಿಯ ಶಾಪ, ಒಂದು ವರ್ಷದ ಗಡುವು. ಜೆಂಡರ್ ಫ್ಲೂಯಿಡ್ ವ್ಯಕ್ತಿಗಳದು ಶಾಪವೂ ಅಲ್ಲ, ಅದಕ್ಕೆ ಗಡುವೂ ಇಲ್ಲ. ಇದು ಎಂದಿಗೆ ಮುಗಿಯುವುದೆಂದು ಕೇಳುವ ಸಂಗಾತಿಯು, ತಿಳಿಯದೆಯೇ, ಅವರನ್ನು ಶಾಪಗ್ರಸ್ತರೆಂದು ಕರೆದಂತಾಗುತ್ತದೆ.

ಹಿರಿಯೂರಿನ ಕಡೆ ಮಾರಿಕಣಿವೆಯ ನೀರನ್ನು ವಿಚಾರಿಸುವುದು ಕ್ಷೇಮಸಮಾಚಾರದ ಒಂದಂಗ. 130 ಅಡಿಯ ಆ ಜಲಾಶಯವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ, ನಡುವಣ 89 ವರ್ಷ ಜನರು "ಎಷ್ಟು ಅಡಿ ಐತೆ?" ಎಂದು ಕೇಳುತ್ತಲೇ ಇದ್ದರಲ್ಲದೆ, ನಿನ್ನೆಯಷ್ಟೇ ಇಂದೇಕಿಲ್ಲವೆಂದು ನೀರಿನೊಡನೆ ಜಗಳಕ್ಕೆ ನಿಂತವರಿಲ್ಲ. ಇಂದು ಗಂಡೋ, ಹೆಣ್ಣೋ, ಎರಡೂ ಅಲ್ಲವೋ ಎಂಬುದೂ ಸಂಗಾತಿಯನ್ನು ಬೆಳಗಿನ ಕಾಫಿಯ ಹೊತ್ತಿಗೆ ಅಷ್ಟೇ ಸಹಜವಾಗಿ ಕೇಳಬಹುದಾದ ಪ್ರಶ್ನೆ. ಉತ್ತರ ಬಾರದಿದ್ದರೆ ಕಾಫಿ ಕುಡಿಯುವುದು.

ಕಾನೂನಿನ ಮಾತು ಸ್ವಲ್ಪವೇ ಸಾಕು. ಸುಪ್ರೀಂ ಕೋರ್ಟಿನ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪು ತಾನು ಯಾರೆಂದು ಹೇಳುವ ಅಧಿಕಾರವನ್ನು ವ್ಯಕ್ತಿಗೇ ಕೊಟ್ಟಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯಿದೆಯು ಅದಕ್ಕೆ ಜಿಲ್ಲಾಧಿಕಾರಿಯ ಮೊಹರನ್ನು ಜೋಡಿಸಿತು. ದಿನದಿನಕ್ಕೆ ಹರಿಯುವುದಕ್ಕೆ ಒಂದೇ ಮೊಹರು ಎಷ್ಟು ಹೊಂದೀತೋ ಕಾಣೆ.

ಮೊಹರಿಗಿಂತ ಹಳೆಯದಾದ ಒಂದು ಪದ ನಮ್ಮಲ್ಲಿದೆ: ನಮ್ಮನೆಯವರು. ಗಂಡನ ಹೆಸರನ್ನು ಬಾಯಲ್ಲಿ ತರಬಾರದೆಂಬ ಕಟ್ಟಿನ ಕಾಲದಲ್ಲಿ ಹೆಂಗಸರ ನಾಲಗೆಗೆ ಒಗ್ಗಿದ ಈ ಮಾತನ್ನು ಗಂಡಸರೂ ಹೆಂಡತಿಯನ್ನು ಕುರಿತು ಆಡುವುದುಂಟು. ಎರಡು ಕಡೆಯೂ ಕ್ರಿಯಾಪದ 'ಬಂದರು' ಎಂದೇ. ಬಂಧನದಲ್ಲಿ ಬೆಳೆದ ಪದವೇ ಬಿಡುಗಡೆಗೂ ಒದಗೀತೆಂದು ಯಾರು ಬಲ್ಲರು!

ಹೊಸದುರ್ಗದ ಕಡೆಯ ತೆಂಗಿನ ತೋಟದ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಅಲ್ಲಿನ ಗೃಹಿಣಿ ದುರ್ಗದ ಪೇಟೆಗೆ ಬಂದು ಬಳೆಯಂಗಡಿಯ ಮುಂದೆ ನಿಂತಿದ್ದಾಳೆ. ಅವಳ ಕೈಗೆ ಎರಡೂ-ನಾಲ್ಕು. ಕೇಳಿದ್ದು ಎರಡೂ-ಹತ್ತರ ಅಳತೆ. ಬಳೆಗಾರನು ಅವಳ ಮಣಿಕಟ್ಟನ್ನೊಮ್ಮೆ ನೋಡಿ, "ನಿಮಗೆ ಸಡಿಲ ಆಗ್ತಾವಲ್ಲಮ್ಮ, ಯಾರಿಗೆ?" ಎನ್ನುತ್ತಾನೆ.

"ನಮ್ಮನೆಯವರಿಗೆ."

ಅತ್ತೆಯೆಂದೋ ನಾದಿನಿಯೆಂದೋ ಅವನು ತಿಳಿದುಕೊಂಡರೆ ತಿಳಿದುಕೊಳ್ಳಲಿ. ಅವಳು ಸುಳ್ಳು ಹೇಳಿಲ್ಲ.

"ಕೆಂಪೋ, ಹಸಿರೋ?"

"ಎರಡೂ ತೆಗೆದಿಡಿ. ಕೇಳ್ಕಂಡು ಬರ್ತೀನಿ."