ತಾಡಪತ್ರಿ ಕೊಳ್ಳುವ ಮುನ್ನ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಗೋವಿನಜೋಳ, ಅರಿಸಿನಗಳನ್ನು ಬಯಲು ಕಣದಲ್ಲಿಯೇ ಒಣಗಿಸುವುದು ರೂಢಿ. ಒಂದು ರಾತ್ರಿಯ ಅಕಾಲಿಕ ಮಳೆ ವರ್ಷದ ದುಡಿಮೆಯನ್ನೇ ಹಾಳುಮಾಡಬಲ್ಲದು. ಆದ್ದರಿಂದ ಬೆಲೆಯೊಂದನ್ನೇ ನೋಡಿ ತಾಡಪತ್ರಿ ಕೊಳ್ಳಬಾರದು.

ಬಟ್ಟೆ: ಹತ್ತಿಯ ಕ್ಯಾನ್ವಾಸು ಭಾರ; ಆದರೆ ಒಳಗಿನ ಹಬೆಯನ್ನು ಸ್ವಲ್ಪವಾದರೂ ಹೊರಬಿಡುತ್ತದೆ. ಹಸಿಯಾಗಿ ಮಡಿಚಿಟ್ಟರೆ ಕೊಳೆಯುತ್ತದೆ. ಪ್ಲಾಸ್ಟಿಕ್ ತಾಡಪತ್ರಿ ಹಗುರ, ನೀರು ಇಳಿಯದು. ಆದರೆ ಸಾಧಾರಣ ಹಾಳೆ ಬಿಸಿಲಿಗೆ ಬೇಗ ಸೀಳುತ್ತದೆ. ಆದುದರಿಂದ ಬಿಸಿಲಿನ ನೇರಳಾತೀತ ಕಿರಣ ತಾಳುವ, ಐ.ಎಸ್. 7903 ಗುರುತುಳ್ಳ ಹೆಣೆದ ತಾಡಪತ್ರಿಯನ್ನೇ ಆರಿಸಿರಿ. ಕಣದ ಕೆಲಸಕ್ಕೆ ಚದರ ಮೀಟರಿಗೆ 250 ಗ್ರಾಂ ತೂಕದ್ದು ಒಳ್ಳೆಯದು.

ಕಣ್ಣು, ಅಂಚು: ತಾಡಪತ್ರಿ ಹರಿಯುವುದು ಹೆಚ್ಚಾಗಿ ಹಗ್ಗ ಕಟ್ಟುವ ಕಣ್ಣುಗಳ ಬಳಿ. ಕಣ್ಣುಗಳು ಅಲ್ಯೂಮಿನಿಯಂ ಇಲ್ಲವೆ ಹಿತ್ತಾಳೆಯವಾಗಿರಲಿ. ಕಬ್ಬಿಣ ತುಕ್ಕು ಹಿಡಿದು ಬಟ್ಟೆಯನ್ನು ತಿನ್ನುತ್ತದೆ. ಮಡಿಚಿದ ಅಂಚಿನೊಳಗೆ ಹಗ್ಗವಿದೆಯೇ, ಮೂಲೆಗಳಿಗೆ ಹೆಚ್ಚಿನ ತುಂಡು ಕೂಡಿಸಿದೆಯೇ ನೋಡಿರಿ. ಚೂಪು ಕಲ್ಲು ಹೇರದೆ ಗೂಟಕ್ಕೆ ಕಟ್ಟಿರಿ.

ಬಳಕೆ: ಹಸಿ ಕಾಳಿನ ರಾಶಿಯನ್ನು ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಮುಚ್ಚಿದರೆ ಹಬೆಯೇ ನೀರಾಗಿ ಮತ್ತೆ ರಾಶಿಗೆ ಬೀಳುತ್ತದೆ, ಬೂಷ್ಟು ಬರುತ್ತದೆ. ಮಳೆಯಿಂದ ಉಳಿದ ಮಾಲು ಹೀಗೆ ಕೆಡುತ್ತದೆ. ಮಳೆ ನಿಂತೊಡನೆ ತೆರೆದು ಗಾಳಿಯಾಡಿಸಿರಿ. ರಾಶಿಯ ಸುತ್ತ ಸಣ್ಣ ಬಸಿಗಾಲುವೆ ತೆಗೆಯಿರಿ. ಕೆಲಸ ಮುಗಿದ ಮೇಲೆ ತಾಡಪತ್ರಿಯನ್ನು ಒಣಗಿಸಿ, ಇಲಿ ತಾಗದಂತೆ ಮೇಲೆ ಕಟ್ಟಿಡಿರಿ.