ವಯಸ್ಸಾದವರು ಬಚ್ಚಲಲ್ಲಿ ಬೀಳುವುದು ತಲೆಗೆ ಮೊದಲು ನೀರು ಹಾಕಿಕೊಂಡಿದ್ದಕ್ಕಾ?

ಸ್ನಾನಕ್ಕೆ ಕುಳಿತಾಗ ಮೊದಲು ತಲೆಗೆ ನೀರು ಹಾಕಿಕೊಂಡರೆ ರಕ್ತ ಒಮ್ಮೆಲೇ ತಲೆಗೆ ಏರಿ ಲಕ್ವ ಹೊಡೆಯುತ್ತದೆ, ಆದ್ದರಿಂದ ಮೊದಲು ಕಾಲಿಗೆ ನೀರು ಹಾಕಿಕೊಳ್ಳಬೇಕು ಎಂಬ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ವಯಸ್ಸಾದವರು ಬಚ್ಚಲಲ್ಲೇ ಹೆಚ್ಚು ಬೀಳುವುದಕ್ಕೆ ಇದೇ ಕಾರಣ ಎಂದೂ ಅದರಲ್ಲಿ ಬರೆದಿರುತ್ತದೆ. ನಿಜವೇನು?

ನೀರನ್ನು ಯಾವ ಭಾಗಕ್ಕೆ ಮೊದಲು ಹಾಕಿಕೊಂಡಿರಿ ಎನ್ನುವುದರಿಂದ ಲಕ್ವ ಬರುತ್ತದೆ ಎನ್ನಲು ವೈದ್ಯಕೀಯ ಪುರಾವೆ ಇಲ್ಲ. ಮೊದಲು ಕಾಲಿಗೆ ನೀರು ಹಾಕಿಕೊಂಡರೆ ತೊಂದರೆಯೂ ಇಲ್ಲ. ಆದರೆ ಈ ಸಂದೇಶ ನಂಬಿ ಕುಳಿತರೆ, ಬೀಳಿಸುವ ನಿಜವಾದ ಕಾರಣಗಳು ಮನೆಯಲ್ಲಿ ಹಾಗೇ ಉಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬಿದ್ದು ಸಾಯುವವರ ಸಂಖ್ಯೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000. ಅವರಲ್ಲಿ 60 ದಾಟಿದವರೇ ಹೆಚ್ಚು.

ಹಾಗಾದರೆ ಬೀಳುವುದು ಯಾಕೆ?

ಕಾರಣ ಒಂದಲ್ಲ, ಎರಡು ಮೂರು ಸೇರಿಕೊಳ್ಳುತ್ತವೆ. ಮಲಗಿದವರು ಅಥವಾ ಕುಕ್ಕರಗಾಲಲ್ಲಿ ಕುಳಿತವರು ತಟ್ಟನೆ ಎದ್ದರೆ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಹರೆಯದವರ ದೇಹ ಇದನ್ನು ಕೆಲವೇ ಸೆಕೆಂಡಿನಲ್ಲಿ ಸರಿಪಡಿಸಿಕೊಳ್ಳುತ್ತದೆ. ವಯಸ್ಸಾದಂತೆ ಇದು ನಿಧಾನವಾಗಿ, ಬಿ.ಪಿ. ಇಳಿದು ಕಣ್ಣಿಗೆ ಕತ್ತಲೆ ಬರುತ್ತದೆ. ಬಿ.ಪಿ. ಗುಳಿಗೆ, ನಿದ್ದೆ ಗುಳಿಗೆ, ಕೆಲವು ಸಕ್ಕರೆ ಕಾಯಿಲೆ ಗುಳಿಗೆಗಳಿಂದಲೂ ತಲೆಸುತ್ತು ಬರಬಹುದು. ಹಂಡೆಯ ಬಿಸಿನೀರು ರಕ್ತನಾಳಗಳನ್ನು ಹಿಗ್ಗಿಸಿ ಬಿ.ಪಿ.ಯನ್ನು ಇನ್ನಷ್ಟು ಇಳಿಸುತ್ತದೆ. ಇದರ ಜೊತೆಗೆ ಕಣ್ಣಿಗೆ ಪೊರೆ, ತೊಡೆಯಲ್ಲಿ ಬಲವಿಲ್ಲ, ನೆಲದ ಮೇಲೆ ಸಾಬೂನಿನ ನೀರು. ಇಷ್ಟು ಸಾಕು.

ಎದ್ದ ಕೂಡಲೇ ನಡೆಯಬೇಡಿ, ಸ್ವಲ್ಪ ಹೊತ್ತು ಹಾಸಿಗೆಯಲ್ಲೇ ಕುಳಿತಿರಿ ಎಂಬ ಇನ್ನೊಂದು ಫಾರ್ವರ್ಡ್ ಇದೆ. ಅದರಲ್ಲಿ ಹೇಳುವ ನಿಮಿಷಗಳ ಲೆಕ್ಕಕ್ಕೆ ಆಧಾರವಿಲ್ಲ, ಆದರೆ ಸಲಹೆ ಸರಿಯಾಗಿದೆ. ಎದ್ದು ಕುಳಿತು, ಕಾಲು ಇಳಿಬಿಟ್ಟು ನಾಲ್ಕಾರು ಬಾರಿ ಅಲುಗಾಡಿಸಿ, ತಲೆ ತಿರುಗುತ್ತಿಲ್ಲ ಎಂದು ಖಚಿತವಾದ ಮೇಲೆ ಏನನ್ನಾದರೂ ಹಿಡಿದು ನಿಲ್ಲಬೇಕು. ದವಾಖಾನೆಗೆ ಹೋದಾಗ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಲು ಕೇಳಿ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಗುಳಿಗೆಗಳನ್ನು ಮತ್ತೆ ಪರಿಶೀಲಿಸಬೇಕು. ಆದರೆ ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ.

ಮೊದಲ ಸಲ ಬಿದ್ದಿದ್ದೇ ಎಚ್ಚರಿಕೆ

ನಮ್ಮ ಅಜ್ಜ, ಅಜ್ಜಿಯರು ಬಿದ್ದದ್ದನ್ನು ಹೇಳುವುದೇ ಇಲ್ಲ. ಕೇಳಿದರೆ “ನನಗೇನ ಆಗೇತಿ, ಗಟ್ಟಿ ಅದೀನಿ” ಎನ್ನುತ್ತಾರೆ. ಆದರೆ ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು.

ಮನೆಯನ್ನು ಸರಿಪಡಿಸುವುದರಿಂದ ನಿಜವಾಗಿ ಉಪಯೋಗವಿದೆಯೇ? ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಈ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ವರದಿ ನೀಡಿತು. ಮನೆಯೊಳಗಿನ ಅಪಾಯಗಳನ್ನು ಸರಿಪಡಿಸಿದಾಗ ಬೀಳುವುದು ಒಟ್ಟಾರೆ ಸುಮಾರು ಶೇ. 26ರಷ್ಟು ಕಡಿಮೆಯಾಗಿತ್ತು. ಈಗಾಗಲೇ ಬಿದ್ದವರು, ನಡೆಯಲು ಕಷ್ಟಪಡುವವರು ಇಂಥ ಹೆಚ್ಚು ಅಪಾಯವಿರುವವರಲ್ಲಿ ಅದು ಶೇ. 38ರಷ್ಟು ಕಡಿಮೆಯಾಗಿತ್ತು. ಅಪಾಯ ಕಡಿಮೆ ಇರುವವರಲ್ಲಿ ಅಂಥ ಲಾಭ ಕಾಣಲಿಲ್ಲ. ಅಂದರೆ ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯಲ್ಲಿ ಯಾರಾದರೂ ಒಮ್ಮೆ ಬಿದ್ದಿದ್ದರೆ, ಈ ಕೆಲಸ ಮೊದಲು ಆಗಬೇಕಾದದ್ದು ಅಲ್ಲೇ.

ನಮ್ಮ ಭಾಗದ ಮನೆಗಳಲ್ಲಿ ಏನು ನೋಡಬೇಕು?

ಇಂಟರ್ನೆಟ್‌ನಲ್ಲಿ ಸಿಗುವ ಪಟ್ಟಿಗಳು ಹೆಚ್ಚಾಗಿ ನಗರದ ಫ್ಲ್ಯಾಟ್‌ಗಳಿಗೆ ಬರೆದವು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿ ಮನೆಗಳಿಗೆ ಬೇರೆ ಲೆಕ್ಕ ಬೇಕು.

ರಾತ್ರಿಯ ದಾರಿ: ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿ ಅವರು ನಡೆಯುವ ದಾರಿಯಲ್ಲಿ ನೀವೇ ಒಮ್ಮೆ ನಡೆದು ನೋಡಿ. ಅನೇಕ ಮನೆಗಳಲ್ಲಿ ಶೌಚಾಲಯ ಹಿತ್ತಲಲ್ಲಿದೆ. ದಾರಿಯಲ್ಲಿ ಜೋಳದ ಚೀಲ, ನೀರಿನ ಕೊಡ, ಮಡಚಿಕೊಂಡ ಕೌದಿ, ಚಾರ್ಜರ್ ವೈರ್ ಏನೂ ಇರಬಾರದು. ಕರೆಂಟ್ ಹೋದರೂ ಉರಿಯುವ ಬ್ಯಾಟರಿ ಬಲ್ಬ್ ಒಂದು ಹಾಕಿ. ದಿಂಬಿನ ಹತ್ತಿರ ಟಾರ್ಚ್ ಇರಲಿ. ಶೌಚಾಲಯ ದೂರವಿದ್ದರೆ ರಾತ್ರಿಯ ಮಟ್ಟಿಗೆ ಹಾಸಿಗೆಯ ಪಕ್ಕ ಕಮೋಡ್ ಕುರ್ಚಿ ಇಡುವುದರಲ್ಲಿ ನಾಚಿಕೆ ಏನಿಲ್ಲ.

ನೆಲ: ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಇದರಿಂದ ನೆಲಕ್ಕೆ ಹಾಸಿದ ಪರಸಿ ಕಲ್ಲುಗಳು ಸರಿದು ಒಂದರ ಅಂಚು ಮೇಲೆ ಬರುತ್ತದೆ. ಅರ್ಧ ಇಂಚು ಮೇಲೆ ಬಂದರೂ ಕಾಲೆಳೆದು ನಡೆಯುವವರು ಎಡವುತ್ತಾರೆ. ಅಂಥ ಜಾಗವನ್ನು ಸಿಮೆಂಟ್ ಹಾಕಿ ಸಮ ಮಾಡಿಸಿ. ಹೊಸ ಮನೆಗೆ ನುಣುಪಾದ ಟೈಲ್ಸ್ ಹಾಕುವವರು ಬಚ್ಚಲಿಗಾದರೂ ಒರಟು ಟೈಲ್ಸ್ ಕೇಳಿ. ಕುಣಿ ಮಗ್ಗ ಇರುವ ನೇಕಾರರ ಮನೆಯಲ್ಲಿ ಕೆಲಸ ಮುಗಿದ ಮೇಲೆ ಕುಣಿಗೆ ಗಟ್ಟಿ ಹಲಗೆ ಮುಚ್ಚಬೇಕು.

ಹೊಸ್ತಿಲು ಮತ್ತು ಕಟ್ಟೆ: ಹೊಸ್ತಿಲನ್ನು ಪೂಜಿಸುತ್ತೇವೆ, ತೆಗೆಸಬೇಕಿಲ್ಲ. ವಯಸ್ಸಾದಂತೆ ಎತ್ತರ-ಆಳ ಗುರುತಿಸುವ ಶಕ್ತಿ ಕಡಿಮೆಯಾಗುತ್ತದೆ. ನೆಲ ಮತ್ತು ಹೊಸ್ತಿಲು ಒಂದೇ ಬಣ್ಣವಾಗಿದ್ದರೆ ಕಾಣುವುದಿಲ್ಲ. ಅಂಚಿಗೆ ದಪ್ಪನೆಯ ಹಳದಿ ಬಣ್ಣ ಬಳಿದು, ಬಾಗಿಲ ಚೌಕಟ್ಟಿಗೆ ಒಂದು ಹಿಡಿಕೆ ಹಾಕಿಸಿ. ಕಟ್ಟೆಯ ಮೆಟ್ಟಿಲು ಎತ್ತರವಾಗಿದ್ದರೆ ನಡುವೆ ಇನ್ನೊಂದು ಮೆಟ್ಟಿಲು ಕಟ್ಟಿಸಿ, ಎಲ್ಲವೂ ಒಂದೇ ಎತ್ತರ ಇರಲಿ.

ಬಚ್ಚಲು: ಕೈಗೆ ಸಿಕ್ಕ ನಲ್ಲಿ ಪೈಪು, ಟವೆಲ್ ಹಾಕುವ ಸರಳು ಮೈಭಾರ ತಡೆಯುವುದಿಲ್ಲ. ಉಕ್ಕಿನ ಹಿಡಿಕೆಯೇ ಬೇಕು. ಅದನ್ನು ಎಲ್ಲಿ ಕೂರಿಸಬೇಕು? ಹಿರಿಯರನ್ನು ಕೂರಿಸಿ, ಎಬ್ಬಿಸಿ, ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ನೋಡಿ, ಅಲ್ಲೇ ಹಾಕಿಸಿ. ಒಂದು ಎಚ್ಚರಿಕೆ: ಮಣ್ಣಿನ ಗೋಡೆಗೆ ಹೊಡೆದ ಸ್ಕ್ರೂ ಭಾರ ಬಿದ್ದರೆ ಕಿತ್ತು ಬರುತ್ತದೆ. ಅಂಥ ಕಡೆ ನೆಲದಲ್ಲಿ ಕಾಂಕ್ರೀಟ್ ಹಾಕಿ ಕಬ್ಬಿಣದ ಪೈಪ್ ನಿಲ್ಲಿಸುವುದು ಒಳ್ಳೆಯದು. ಸ್ನಾನಕ್ಕೆ ಕಾಲಿಗೆ ರಬ್ಬರ್ ಬುಶ್ ಇರುವ ಗಟ್ಟಿ ಕುರ್ಚಿ ಇಡಿ. ಬಾಗಿಲು ಹೊರಗೆ ತೆರೆಯುವಂತಿದ್ದರೆ ಉತ್ತಮ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ ಒಳಗೆ ತಳ್ಳಲು ಆಗುವುದಿಲ್ಲ. ಒಳಗಿನ ಚಿಲಕ ಹಾಕಿಕೊಳ್ಳದಿರಲಿ, ಬಾಗಿಲು ಮುಂದೆ ಮಾಡಿಕೊಂಡರೆ ಸಾಕು.

ಹಾಸಿಗೆ ಮತ್ತು ಚಪ್ಪಲಿ: ನೆಲದ ಹಾಸಿಗೆಯಿಂದ, ಜೋತುಬಿದ್ದ ಹೊರಸಿನಿಂದ ಏಳುವುದು ಮೊಣಕಾಲು ನೋವಿನವರಿಗೆ ಕಷ್ಟ. ಕುಳಿತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವ ಎತ್ತರದ ಮಂಚ ಸರಿ. ಸವೆದ ಹವಾಯಿ ಚಪ್ಪಲಿ ಬದಲಾಯಿಸಿ, ಹಿಮ್ಮಡಿಗೆ ಪಟ್ಟಿ ಇರುವುದನ್ನು ಕೊಡಿಸಿ. ಸೀರೆ, ಧೋತರ ನೆಲಕ್ಕೆ ತಾಗದಂತೆ ಉಡಲಿ.

ಹೊಲದಲ್ಲಿ ದುಡಿದ ಮೈಗೂ ವ್ಯಾಯಾಮ ಬೇಕೆ?

ಬೇಕು. ದುಡಿದ ಬಲ ಬೇರೆ, ಮೈಯ ಸಮತೋಲನ ಬೇರೆ. ಕೆಲಸ ಬಿಟ್ಟು ಕುಳಿತ ಮೇಲೆ ಎರಡೂ ಕಡಿಮೆಯಾಗುತ್ತವೆ. ವ್ಯಾಯಾಮ ಮಾಡಿದ ಹಿರಿಯರಲ್ಲಿ ಬೀಳುವುದು ಸುಮಾರು ಶೇ. 23ರಷ್ಟು ಕಡಿಮೆಯಾಯಿತು ಎಂದು ಕಾಕ್ರೇನ್ 2019ರಲ್ಲಿ ವರದಿ ಮಾಡಿತ್ತು. ಗೋಡೆಗೆ ತಾಗಿಸಿದ ಕುರ್ಚಿಯಲ್ಲಿ ಕುಳಿತು ಎದ್ದು ಹತ್ತು ಸಲ, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ. ಶುರುವಿಗೆ ಇಷ್ಟು ಸಾಕು, ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಜೊತೆಗೆ ಕಣ್ಣು ತೋರಿಸಿ. ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆ ಮುಂದೂಡಬೇಡಿ.

ಬಿದ್ದರೆ ಏನು ಮಾಡಬೇಕು?

ಗಡಿಬಿಡಿಯಿಂದ ರಟ್ಟೆ ಹಿಡಿದು ಎತ್ತಬೇಡಿ. ನಿಲ್ಲಲು ಆಗುತ್ತಿಲ್ಲ, ಒಂದು ಕಾಲು ಗಿಡ್ಡ ಕಾಣುತ್ತಿದೆ, ಪಾದ ಹೊರಕ್ಕೆ ತಿರುಗಿದೆ ಎಂದರೆ ಸೊಂಟದ ಕೀಲಿನ ಹತ್ತಿರ ಎಲುಬು ಮುರಿದಿರಬಹುದು. ತಿಕ್ಕಿಸುವುದು, ಎಳೆಸುವುದು, ಎಲುಬು ಕಟ್ಟುವವರ ಹತ್ತಿರ ಒಯ್ಯುವುದು ಬೇಡ. ಕಾಲು ಅಲುಗಾಡದಂತೆ ಮಲಗಿಸಿಟ್ಟು 108ಕ್ಕೆ ಕರೆ ಮಾಡಿ. ತಿನ್ನಲು, ಕುಡಿಯಲು ಕೊಡಬೇಡಿ. ಇಂಥ ಮುರಿತಕ್ಕೆ ಆದಷ್ಟು ಬೇಗ, ಸಾಧ್ಯವಾದರೆ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗುವುದು ಒಳ್ಳೆಯದು. ರಾಮದುರ್ಗದಿಂದ ಬೆಳಗಾವಿಗೆ ಸುಮಾರು 100 ಕಿ.ಮೀ. ಇದೆ. ನಾಳೆ ನೋಡೋಣ ಎಂದು ಕಾದರೆ ಈ ಸಮಯವೆಲ್ಲ ಮನೆಯಲ್ಲೇ ಕಳೆಯುತ್ತದೆ.

ತಲೆಗೆ ಪೆಟ್ಟು ಬಿದ್ದಿದ್ದರೆ, ಅದರಲ್ಲೂ ರಕ್ತ ತೆಳುವಾಗುವ ಗುಳಿಗೆ ತಿನ್ನುವವರಾದರೆ, ಚೆನ್ನಾಗಿ ಮಾತನಾಡುತ್ತಿದ್ದರೂ ಅಂದೇ ದವಾಖಾನೆಗೆ ತೋರಿಸಿ. ತಲೆಯೊಳಗಿನ ರಕ್ತಸ್ರಾವದ ಲಕ್ಷಣ ದಿನಗಳು, ವಾರಗಳ ನಂತರವೂ ಕಾಣಿಸಿಕೊಳ್ಳಬಹುದು.

60 ದಾಟಿದ ಬಿಪಿಎಲ್ ಕುಟುಂಬದವರಿಗೆ ಊರುಗೋಲು, ವಾಕರ್‌ನಂಥ ಸಾಧನಗಳನ್ನು ಉಚಿತವಾಗಿ ಕೊಡುವ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಹಿರಿಯರಿಗೆ ಸಂಬಂಧಿಸಿದ ಮಾಹಿತಿ, ನೆರವಿಗೆ 14567 ಸಹಾಯವಾಣಿಗೆ ಕೇಳಬಹುದು.

ಮನೆಯಲ್ಲಿ ಏನು ಬದಲಾಯಿಸಬೇಕು ಎಂಬುದನ್ನು ಹಿರಿಯರನ್ನು ಕೇಳಿಯೇ ಮಾಡಿ. ಹೇಳದೆ ಕೇಳದೆ ವಸ್ತುಗಳ ಜಾಗ ಬದಲಿಸಿದರೆ, ರೂಢಿಯ ದಾರಿ ತಪ್ಪಿ ಅದರಿಂದಲೇ ಎಡವುತ್ತಾರೆ. ಎಲ್ಲವೂ ಒಂದೇ ದಿನ ಆಗಬೇಕಿಲ್ಲ. ಬ್ಯಾಟರಿ ಬಲ್ಬ್ ಮತ್ತು ಬಚ್ಚಲಿನ ಹಿಡಿಕೆ, ಈ ಎರಡನ್ನು ಈ ವಾರದ ಸಂತೆಗೆ ಹೋದಾಗ ತನ್ನಿ. ಈ ಲೇಖನವನ್ನು ಗುಂಪಿಗೆ ಕಳಿಸುವ ಮೊದಲು ನಿಮ್ಮ ಮನೆಯ ಅಜ್ಜ, ಅಜ್ಜಿಯನ್ನು ಒಂದು ಮಾತು ಕೇಳಿ: ಈ ವರ್ಷ ಎಲ್ಲಾದರೂ ಬಿದ್ದಿದ್ದರೇ?